ಮಂಗಳವಾರದವರೆಗೆ ಕೆಡದ ಸಿಹಿ

"ನಿನ್ನಮ್ಮನಿಗೆ ಹೇಳು, ಬಸ್ಸು ಹತ್ತು ಐವತ್ತಕ್ಕೆ ಅಂತ," ಎಂದ ಅಪ್ಪ.

ಅಮ್ಮ ಎರಡೇ ಅಡಿ ದೂರದಲ್ಲಿ ನಿಂತಿದ್ದಳು. ಅವಳ ಕಿವಿಗೇನೂ ಆಗಿರಲಿಲ್ಲ. ಆದರೂ ಚಿನಾತ್ಸು ತಿರುಗಿ, "ಬಸ್ಸು ಹತ್ತು ಐವತ್ತಕ್ಕಂತೆ," ಎಂದಳು.

"ಗೊತ್ತಾಯ್ತು ಅಂತ ಹೇಳು."

"ಗೊತ್ತಾಯ್ತಂತೆ."

ತಮ್ಮೂರು ಓಮಿಯಾದಿಂದ ಹೊರಟು ಇನ್ನೂ ಎರಡನೆಯ ದಿನ. ಅಷ್ಟರಲ್ಲೇ ಹತ್ತು ವರ್ಷದ ಹುಡುಗಿ ಮನೆಯ ಅಂಚೆಯವಳಾಗಿದ್ದಳು. ಮಾತ್ಸುಮೊತೊ ಕೋಟೆಯ ಕಡಿದಾದ ಮೆಟ್ಟಿಲ ಮೇಲೆ "ನಿನ್ನಪ್ಪನಿಗೆ ಹೇಳು, ಅಜ್ಜಿಯ ಕೈ ಹಿಡ್ಕೊಳ್ಳಲಿ" ಎಂಬುದನ್ನೂ ಅವಳೇ ಮುಟ್ಟಿಸಬೇಕಾಯಿತು. ಅಜ್ಜಿ ಟೊಕಿಯೆಗೆ ಎಪ್ಪತ್ತು ತುಂಬಿದ ಸಂಭ್ರಮದ ಪ್ರವಾಸ ಇದು. ಆರು ತಿಂಗಳ ಹಿಂದೆಯೇ ಎಲ್ಲ ಕಾದಿರಿಸಿ ಆಗಿತ್ತು. ಬಿಟ್ಟರೆ ನೆಂಟರು ಕಾರಣ ಕೇಳುತ್ತಾರೆ. ಕಾರಣ ಹೇಳುವುದಕ್ಕಿಂತ ನಾಲ್ಕು ದಿನ ಒಬ್ಬರ ಮುಖ ಒಬ್ಬರು ನೋಡದೆ ಊರೂರು ಸುತ್ತುವುದು ಈ ಮನೆಯವರಿಗೆ ಸುಲಭವಾಗಿ ಕಂಡಿತ್ತು.

ಬಸ್‌ನಿಲ್ದಾಣದ ಅಂಗಡಿಯಲ್ಲಿ ಅಜ್ಜಿ ಆಗಲೇ ಮೂರು ಡಬ್ಬಿ ಆರಿಸಿಟ್ಟಿದ್ದಳು. ಪಕ್ಕದ ಮನೆ ಕುರೊಗಿಯವರಿಗೆ ಒಂದು, ಹೂ ಜೋಡಿಸುವ ಕ್ಲಾಸಿನವರಿಗೆ ಒಂದು, ಮೊಣಕಾಲು ನೋಡುವ ಡಾಕ್ಟರಿಗೆ ಒಂದು. ಊರಿಗೆ ಹೋಗಿ ಬಂದವರು ಹೋಗದೆ ಉಳಿದವರಿಗೆಲ್ಲ ಸಿಹಿ ತರಬೇಕು, ತಲೆಗೊಂದರಂತೆ, ಬಿಡಿಬಿಡಿಯಾಗಿ ಕಾಗದ ಸುತ್ತಿದ್ದು. ತರದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಮರೆಯುವುದೂ ಇಲ್ಲ.

"ನೀನೇನಮ್ಮಾ ಕೈ ಕಟ್ಕೊಂಡು ನಿಂತಿದೀಯ?" ಎಂದು ಅಜ್ಜಿ ಸೊಸೆಯನ್ನು ಕೇಳಿದಳು. "ಕ್ಲಿನಿಕ್‌ನೋರಿಗೆ ಬೇಡ್ವಾ?"

"ಬೇಡ ಅತ್ತೆ."

"ಬೇಡ್ವಂತೆ! ಸೋಮವಾರ ಕೈ ಬೀಸ್ಕೊಂಡು ಹೋಗ್ತಾಳಂತೆ. ನಮ್ಮ ಮನೆ ಮರ್ಯಾದೆ ಅಲ್ವಾ, ಹೋದ್ರೆ ಅವಳಿಗೇನು?"

ಅಮ್ಮ ಫುಯುಮಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಿದ್ದಳು. ಅಲ್ಲಿ ಇನ್ನೂ ಏಳು ಜನ. ಹಿಂದೆ ಎಲ್ಲಿಗೆ ಹೋದರೂ ಮೊದಲ ದಿನವೇ ಮೊದಲ ಅಂಗಡಿಯಲ್ಲೇ ಅವರ ಡಬ್ಬಿ ಕೊಂಡುಬಿಡುವವಳು ಅಮ್ಮ. ಇಲ್ಲದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಈ ಸಲ ಅವಳು ಡಬ್ಬಿಗಳ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕಿಂತ ವಿಚಿತ್ರ, ಹೊರಡುವ ಹಿಂದಿನ ದಿನ, ಬುಧವಾರ, ಅವಳು ಕ್ಲಿನಿಕ್ಕಿಗೆ ದೊಡ್ಡ ಡಬ್ಬಿಯೊಂದನ್ನು ಒಯ್ದಿದ್ದಳು. ಸಂಜೆ ಬರುವಾಗ ಕೈಯಲ್ಲಿ ಹೂಗುಚ್ಛವಿತ್ತು. ಅಜ್ಜಿಗೆ ಕಾಣದಂತೆ ಅದನ್ನು ಬಚ್ಚಲ ಬಕೆಟ್ಟಿನಲ್ಲಿ ಇಟ್ಟಳು.

"ಹೋಗೋಕ್ ಮುಂಚೆನೇ ಯಾಕೆ ಸಿಹಿ?" ಎಂದು ಚಿನಾತ್ಸು ಕೇಳಿದ್ದಕ್ಕೆ, "ಈ ಸಲ ಹಂಗೇ," ಎಂದಿದ್ದಳು.

ಆ ರಾತ್ರಿ ತಕಾಯಾಮಾದ ವಸತಿಗೃಹದಲ್ಲಿ ಊಟಕ್ಕೆ ಕುಳಿತಾಗಲೂ ಅಜ್ಜಿ ಬಿಡಲಿಲ್ಲ. "ಸಮುದ್ರದ ದಡದೋರು. ಮೀನು ಹಂಚಿ ಗೊತ್ತು, ಸಿಹಿ ಹಂಚಿ ಗೊತ್ತಿಲ್ಲ," ಎಂದು ತಾನೇ ನಕ್ಕಳು. ಅಮ್ಮನ ತವರು ಇತೊಯಿಗಾವಾ. ನಾಳಿದ್ದು ವಾಪಸು ಹೋಗುವ ರೈಲು ಆ ಊರಿನಲ್ಲೂ ನಿಲ್ಲುತ್ತದೆ. ಅಮ್ಮ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಮಗಳ ತಟ್ಟೆಗೆ ಹಾಕಿದಳು. ಅಷ್ಟು ಚಿಕ್ಕವಳೇನಲ್ಲ ಚಿನಾತ್ಸು. ಮುಳ್ಳು ತೆಗೆಯಲು ಅವಳಿಗೆ ಬರುತ್ತಿತ್ತು.

ಆಗಲೇ ಅವಳಿಗೆ ಆ ಯೋಚನೆ ಬಂದದ್ದು. ಸಿಹಿ ತಾರದವರು ಯಾರು? ವಾಪಸು ಹೋಗದವರು. ಅಪ್ಪನ ಮೇಲೆ, ಅಜ್ಜಿಯ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಮುಳ್ಳು ಬಿಡಿಸುತ್ತಿದ್ದ ಆ ಬೆರಳುಗಳ ಮೇಲೆ ಅವಳಿಗೆ ಕೆಟ್ಟ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಕನಾಜಾವಾ ನಿಲ್ದಾಣದಲ್ಲಿ, ಹೊಸವರ್ಷದ ಉಡುಗೊರೆ ಹಣವನ್ನು ಹಿಡಿದು ಅವಳೊಬ್ಬಳೇ ಅಂಗಡಿಗೆ ನುಗ್ಗಿದಳು. ಅಕ್ಕಿಹಿಟ್ಟಿನ ಮೆತ್ತನೆಯ ಉಂಡೆ, ಒಳಗೆ ಕೆಂಪು ಕಾಳಿನ ಹೂರಣ, ಎಂಟರ ಡಬ್ಬಿ. ಏಳು ಕ್ಲಿನಿಕ್ಕಿಗೆ, ಒಂದು ಅಮ್ಮನಿಗೆ.

"ಇದು ಮಂಗಳವಾರದವರೆಗೆ ಅಷ್ಟೇ ಇರೋದು ಪುಟ್ಟಿ," ಎಂದಳು ಅಂಗಡಿಯವಳು. "ದೂರ ಹೋಗೋದಾದ್ರೆ ತಿಂಗಳಾದ್ರೂ ಕೆಡದ ಬಿಸ್ಕತ್ತಿದೆ, ನೋಡು."

"ಬೇಡ. ಇದಕ್ಕಿಂತ ಬೇಗ ಕೆಡೋದು ಇದ್ರೆ ಅದನ್ನ ಕೊಡಿ."

ಅಂಗಡಿಯವಳು ಅವಳ ಮುಖ ನೋಡಿ ಡಬ್ಬಿಗೆ ಕಾಗದ ಸುತ್ತಿದಳು.

ರೈಲಿನಲ್ಲಿ ಅಪ್ಪ ಟಿಕೆಟ್ ಮಾಡಿಸಿದ್ದೇ ಹಾಗೆ: ಕಿಟಕಿಗೆ ಅಜ್ಜಿ, ನಡುವೆ ಚಿನಾತ್ಸು, ಈ ಬದಿಗೆ ತಾನು; ಓಡಾಡುವ ದಾರಿಯ ಆಚೆ ಅಮ್ಮ. ರೈಲು ಹೊರಟ ಕೂಡಲೇ ಚಿನಾತ್ಸು ಅಪ್ಪನ ಮೊಣಕಾಲು ದಾಟಿ ಡಬ್ಬಿಯನ್ನು ಅಮ್ಮನ ತೊಡೆಯ ಮೇಲಿಟ್ಟಳು.

"ಕ್ಲಿನಿಕ್‌ನೋರಿಗೆ. ನಾಳೆನೇ ಕೊಡ್ಬೇಕು. ಇಲ್ಲಾಂದ್ರೆ ಕೆಟ್ಟೋಗತ್ತೆ."

ಅಮ್ಮ ಡಬ್ಬಿಯನ್ನು ತಿರುಗಿಸಿ ಹಿಂಬದಿಯ ತಾರೀಖು ಓದಿದಳು. ಎರಡು ಸಲ ಓದಿದಳು. ತೊಯಾಮಾ ದಾಟಿತು. ಎಡಗಡೆ ಸಮುದ್ರ ಕಂಡೂ ಕಾಣದಂತೆ ಸುರಂಗಗಳ ನಡುವೆ ಬಂದು ಹೋಯಿತು. ಆಮೇಲೆ ಅಮ್ಮ ಕಾಗದವನ್ನು ಹರಿಯದೆ ಬಿಚ್ಚಿ, ಮುಚ್ಚಳ ತೆಗೆದು, ಎದ್ದು ಬಂದಳು.

"ಅಯ್ಯೋ, ಕ್ಲಿನಿಕ್‌ನೋರದ್ದನ್ನ ಇಲ್ಲೇ ಬಿಚ್ತಿದಾಳಲ್ಲ!" ಎಂದಳು ಅಜ್ಜಿ.

ಅಮ್ಮ ಎರಡೂ ಕೈಯಿಂದ ಒಂದು ಉಂಡೆಯನ್ನು ಅತ್ತೆಯ ಮುಂದಿಟ್ಟಳು. ಒಂದನ್ನು ಅಪ್ಪನ ಮುಂದೆ, ಒಂದನ್ನು ಮಗಳ ಮುಂದೆ. ಓಡುವ ರೈಲಿನಲ್ಲಿ ನಿಂತಲ್ಲೇ ಸೊಂಟ ಬಗ್ಗಿಸಿ ನಮಸ್ಕರಿಸಿದಳು.

"ಹದಿಮೂರು ವರ್ಷ ನಿಮ್ಮಿಂದ ತುಂಬಾ ಉಪಕಾರ ಆಯ್ತು."

ಚಿನಾತ್ಸು ಈ ಮಾತು ಕೇಳಿದ್ದಳು. ಈಜು ಕಲಿಸುವ ಟೀಚರು ಕೆಲಸ ಬಿಟ್ಟ ದಿನ ಎಲ್ಲರಿಗೂ ಒಂದೊಂದು ಸಿಹಿ ಕೊಟ್ಟು, ಬಗ್ಗಿ, ಇದನ್ನೇ ಹೇಳಿದ್ದರು. ಮಾರನೇ ವಾರ ಬೇರೆ ಟೀಚರು ಬಂದಿದ್ದರು.

"ಫುಯುಮಿ, ಇಲ್ಲಿ ಬೇಡ," ಎಂದ ಅಪ್ಪ. ನಾಲ್ಕು ದಿನದಲ್ಲಿ ಅವನು ಹೆಂಡತಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ಇಲ್ಲಲ್ದೆ ಎಲ್ಲಿ? ಮುಂದಿನ ಸ್ಟೇಷನ್‌ನಲ್ಲಿ ಇಳೀತೀನಿ."

ಅಜ್ಜಿ ಮಗನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತೇನೋ?"

"ನಿನ್ನ ಸಂಭ್ರಮ ಮುಗೀಲಿ ಅಂತ..."

"ಚೆನ್ನಾಗ್ ಮುಗೀತಪ್ಪ ಸಂಭ್ರಮ!"

"ಇದು ಕ್ಲಿನಿಕ್‌ನೋರಿಗೆ ತಂದಿದ್ದು!" ಎಂದು ಚಿನಾತ್ಸು ಕಿರುಚಿದಳು. ಹಿಂದಿನ ಸೀಟಿನವರು ಓದುತ್ತಿದ್ದ ಪತ್ರಿಕೆ ಇಳಿಸಿದರು. "ನಿಂಗ್ಯಾರು ಹಂಚು ಅಂದಿದ್ದು?"

"ಕ್ಲಿನಿಕ್‌ನೋರಿಗೆ ಬುಧವಾರನೇ ಕೊಟ್ಟಾಯ್ತು ಮಗು." ಅಮ್ಮ ಅವಳ ತಲೆ ಮುಟ್ಟಲು ಕೈ ಚಾಚಿದಳು. ನಡುವೆ ಅಪ್ಪನಿದ್ದ. "ಬೇಸಿಗೆ ರಜೆಗೆ ಬಾ. ಅಪ್ಪನ ಹತ್ರ ಮಾತಾಡಿದೀನಿ."

"ಬರಲ್ಲ. ಯಾವತ್ತೂ ಬರಲ್ಲ."

ಇತೊಯಿಗಾವಾದಲ್ಲಿ ರೈಲು ಒಂದು ನಿಮಿಷ ನಿಂತಿತು. ಅಮ್ಮ ಡಬ್ಬಿಯನ್ನು ತನ್ನ ಸೀಟಿನ ಮೇಲಿಟ್ಟು ಇಳಿದುಹೋದಳು. ಪ್ಲಾಟ್‌ಫಾರಂ ಅಜ್ಜಿಯ ಕಿಟಕಿಯ ಬದಿಗಿತ್ತು. ಅಮ್ಮ ಕಿಟಕಿಯ ಹೊರಗೆ ನಿಂತು ಒಳಗೆ ನೋಡುತ್ತಿದ್ದಾಳೆಂದು ಚಿನಾತ್ಸುವಿಗೆ ಗೊತ್ತಿತ್ತು. ಅವಳು ಎದುರಿನ ಸೀಟಿನ ಬೆನ್ನನ್ನೇ ನೋಡಿದಳು, ರೈಲು ಹೊರಡುವವರೆಗೂ. ಹೊರಟ ಮೇಲೆ ಸರಕ್ಕನೆ ತಿರುಗಿದಳು. ಅಷ್ಟರಲ್ಲಿ ಬರೀ ಗೋಡೆ.

ಅಜ್ಜಿಯೇ ಮೊದಲು ಚೇತರಿಸಿಕೊಂಡಳು. ಡಬ್ಬಿ ತರಿಸಿಕೊಂಡು, ಮೂರೂ ಉಂಡೆಗಳನ್ನು ಮತ್ತೆ ಅವುಗಳ ಗೂಡಿಗೆ ಕೂರಿಸಿ ಮುಚ್ಚಳ ಹಾಕಿದಳು.

"ಎದುರುಮನೆಯೋರಿಗೆ ಆಗತ್ತೆ. ಸೊಸೆ ತಂದಿದ್ದು ಅಂತ ಕೊಡ್ತೀನಿ. ಅವಳೆಲ್ಲಿ ಅಂದ್ರೆ ಸುಸ್ತಾಗಿ ಮಲಗಿದಾಳೆ ಅನ್ನೋದು. ಚಿನಾತ್ಸು, ನೀನೂ ಹಂಗೇ ಹೇಳ್ಬೇಕು."

ಚಿನಾತ್ಸು ಡಬ್ಬಿಯನ್ನು ಕಿತ್ತುಕೊಂಡಳು. ಒಂದು ಉಂಡೆಯನ್ನು ಬಿಚ್ಚಿ ಇಡಿಯಾಗಿ ಬಾಯಿಗೆ ತುರುಕಿದಳು. ಅಗಿಯುತ್ತಲೇ ಇನ್ನೊಂದನ್ನು ಬಿಚ್ಚಿದಳು.

"ಏಯ್, ಲೆಕ್ಕ ತಪ್ಪತ್ತೆ ಕಣೇ! ಕೋಹೆಯಿ, ಹೇಳೋ ನಿನ್ನ ಮಗಳಿಗೆ!"

ಚಿನಾತ್ಸುವಿಗೆ ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು, ಐದನೆಯದನ್ನು ಬಹಳ ಹೊತ್ತು ಅಗಿದಳು. ಆರನೆಯದನ್ನು ಬಿಚ್ಚಲು ಅವಳ ಕೈ ಏಳಲಿಲ್ಲ. ಆಗ ಅಪ್ಪ ಕೈ ಚಾಚಿ ಅದನ್ನು ತೆಗೆದುಕೊಂಡು ತಿಂದ. ಏಳನೆಯದನ್ನೂ ತಿಂದ.

"ನೀನೂನಾ?" ಎಂದಳು ಅಜ್ಜಿ. ಆಮೇಲೆ ಕಿಟಕಿಯ ಕಡೆ ತಿರುಗಿ ಕುಳಿತಳು.

ಚಿನಾತ್ಸು ಏಳು ಕಾಗದಗಳನ್ನೂ ಮಡಿಸುವ ಮೇಜಿನ ಮೇಲೆ ಅಂಗೈಯಿಂದ ನೀವಿ ಒಂದರ ಮೇಲೊಂದು ಇಟ್ಟಳು. ಎಂಟನೆಯದನ್ನು ಯಾರೂ ಮುಟ್ಟಲಿಲ್ಲ. ಅದರ ಕಾಗದದ ಮೇಲೂ ಮಂಗಳವಾರದ ತಾರೀಖೇ ಇತ್ತು.