ಸೋಲುವ ಕುರ್ಚಿ

ಹೇರಂಬಯ್ಯನವರು ಸಾಗರದ ಪೇಟೆಯಲ್ಲಿ ನಡೆದು ಬರುವುದನ್ನು ಮೊದಲ ಬಾರಿ ಕಂಡವರಿಗೆ, ಈ ಮನುಷ್ಯ ರಸ್ತೆಯನ್ನು ಅಣ್ಣತಮ್ಮಂದಿರಿಗೆ ಪಾಲು ಮಾಡಿಕೊಡಲು ಹೊರಟಿರಬೇಕು ಎಂಬ ಸಂಶಯ ಬರುತ್ತದೆ. ಹೆಜ್ಜೆಗೆ ಹೆಜ್ಜೆ ಸಮ, ದೃಷ್ಟಿ ದೂರದ ಯಾವುದೋ ಕಾಣದ ಗಡಿಕಲ್ಲಿನ ಮೇಲೆ. ಸರ್ವೆ ಇಲಾಖೆಯಿಂದ ನಿವೃತ್ತರಾಗಿ ಬಹುಕಾಲವಾದರೂ ಅವರ ಬೂದು ಕೋಟಿನ ಬಲಜೇಬಿನಲ್ಲಿ ಅಳತೆಯ ಟೇಪು ಇದ್ದೇ ಇರುತ್ತದೆ. ಮಾತಿಗೊಮ್ಮೆ "ಅಳೆದು ಹೇಳಿ" ಎನ್ನುವುದು ಅವರ ಚಟ. ಮದುವೆಮನೆಯಲ್ಲಿ ನಾನು "ಪಾಯಸ ಸ್ವಲ್ಪ ಜಾಸ್ತಿಯಾಯ್ತು" ಎಂದರೆ, ನನ್ನ ಎಲೆಯನ್ನೂ ಹೊಟ್ಟೆಯನ್ನೂ ನೋಡಿ, "ಅಳೆದು ಹೇಳಿ ಮಾರಾಯ್ರೆ" ಎಂದವರು ಅವರು.

ಇಂಥ ನಿಷ್ಠುರ ಪುರುಷನಿಗೂ ಒಂದು ವ್ಯಸನವಿತ್ತು: ಗೊಂಬೆ ಯುದ್ಧ. ನಮ್ಮ ಕ್ಲಬ್ಬಿನ ಕೆಳಗಿನ ಹಾಲಿನಲ್ಲಿ ಇಸ್ಪೀಟು, ಮಹಡಿಯಲ್ಲಿ ಮಹಾಯುದ್ಧ. ಥರ್ಮೊಕೋಲಿನ ಗುಡ್ಡ, ಪಾತ್ರೆ ತಿಕ್ಕುವ ನಾರಿನ ಕಾಡು, ನೀಲಿ ಬಣ್ಣದ ಹೊಳೆ. ಅವುಗಳ ನಡುವೆ ಹೆಬ್ಬೆರಳಿನ ಗಿಣ್ಣಿನಷ್ಟು ಎತ್ತರದ ಕೆಳದಿ ಕಾಲದ ಸೈನಿಕರು. ಗುಡಿಗಾರರ ಕೆತ್ತನೆಯಲ್ಲಿ ಉಳಿದ ಮರದ ಚೂರುಗಳಿಂದ ಅವರನ್ನು ಕಡೆಸಿ, ಮೀಸೆಗೂ ರುಮಾಲಿಗೂ ಬಣ್ಣ ತುಂಬಿದವರು ಹೇರಂಬಯ್ಯನವರೇ. ಟೇಪಿನಿಂದ ಅಳೆದು ಸೈನ್ಯ ಸರಿಸಬೇಕು, ದಾಳ ಎಸೆದು ಹೊಡೆದಾಡಬೇಕು. ವರ್ಷಕ್ಕೊಮ್ಮೆ ಸಾಗರ, ಹೊಸನಗರ, ತೀರ್ಥಹಳ್ಳಿಯ ತಂಡಗಳು ಸರದಿಯಂತೆ ಒಂದೊಂದು ಊರಿನಲ್ಲಿ ಸೇರುತ್ತವೆ. ತಂಡಕ್ಕೆ ಮೂವರು, ಮೂರು ಮೇಜು. ಎರಡು ಮೇಜು ಗೆದ್ದವರಿಗೆ ಜಯ.

ಯಾರು ಯಾರೊಡನೆ ಕಾದಬೇಕೆಂಬುದಕ್ಕೆ ನಮ್ಮಲ್ಲಿರುವುದು ಊಟದ ಪಂಕ್ತಿಯ ನಿಯಮ: ಅತಿಥಿಗಳು ಮೊದಲು ಕೂರಬೇಕು, ಮನೆಯವರು ಆಮೇಲೆ. ನೋಡಲು ಇದು ಉಪಚಾರ. ಒಳಗೆ ಶುದ್ಧ ಕುತಂತ್ರ. ಅತಿಥಿಗಳಲ್ಲಿ ಬಲಿಷ್ಠರು ಎಲ್ಲಿ ಕೂತರೆಂದು ಕಂಡ ಮೇಲೆ ಮನೆಯವರು ತಮ್ಮ ಅತ್ಯಂತ ನಿಷ್ಪ್ರಯೋಜಕನನ್ನು ಅಲ್ಲಿಗೆ ಅಟ್ಟಿ, ಉಳಿದೆರಡು ಮೇಜು ಗೆಲ್ಲಬಹುದು. ಆ ನಿಷ್ಪ್ರಯೋಜಕ ನಾನು. ಆ ಕುರ್ಚಿಗೆ ಸೋಲುವ ಕುರ್ಚಿ ಎಂದೇ ಹೆಸರು. ನಾನು ಆಟ ಕಲಿಯದೇ ಇರುವುದು ತಂಡದ ಹಿತದೃಷ್ಟಿಯಿಂದ ಎಂದು ಹೆಂಡತಿಗೆ ಹೇಳಿಕೊಂಡಿದ್ದೆ.

ಇನ್ನೊಂದು ನಿಯಮ ಹೇರಂಬಯ್ಯನವರ ಸ್ವಂತದ್ದು. ಮರದ ಗೊಂಬೆಗಳು ಹಗುರ. ಅಂಗಿಯ ತೋಳು ತಾಗಿದರೂ ಉರುಳುತ್ತವೆ. ಒಮ್ಮೆ ಹೊಸನಗರದ ಭೂತಪ್ಪ ಉರುಳಿದ ಕುದುರೆ ಸವಾರನನ್ನು ಎತ್ತಿ ನಿಲ್ಲಿಸುವಾಗ, ಪಾಪ, ಸವಾರ ಹೊಳೆ ದಾಟಿಬಿಟ್ಟಿದ್ದ. ಜಗಳ ಎಷ್ಟು ಬೆಳೆಯಿತೆಂದರೆ ಮರುವರ್ಷ ಹೊಸನಗರದವರು ಬರಲೇ ಇಲ್ಲ. ಅಂದು ಹೇರಂಬಯ್ಯನವರು ಶಾಸನ ಹೊರಡಿಸಿದರು: ಯಾರ ಕೈಯಿಂದ, ಯಾವ ಗಾಳಿಯಿಂದ ಬಿದ್ದರೂ, ಬಿದ್ದವನು ಸತ್ತವನು. ಅಂದಿನಿಂದ ಬೇಸಿಗೆಯಲ್ಲೂ ಫ್ಯಾನು ಹಾಕದೆ ಬೆವರಿಕೊಂಡು ಯುದ್ಧ ಮಾಡುತ್ತ ಬಂದಿದ್ದೇವೆ. ಜಗಳ ಮಾತ್ರ ಮತ್ತೆ ಆಗಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರ ಬಲಗೈ ನಡುಗಲು ಶುರುವಾಯಿತು. ಬಳಿಕ ಎಡಗೈ. ಔಷಧಿ ನಡೆಯುತ್ತಿತ್ತು, ನಡುಕವೂ ನಡೆಯುತ್ತಿತ್ತು. ಮೇಜಿನ ಹತ್ತಿರ ಬಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವ ಹೊಸ ಅಭ್ಯಾಸ ಅವರಿಗೆ ಬಂತು. ಬಿದ್ದವನು ಸತ್ತವನೆಂಬ ನಿಯಮವಿರುವಷ್ಟು ದಿನ ಅವರು ಗೆಲ್ಲುವಂತಿಲ್ಲ. ನಿಯಮ ಹೋದರೆ ಅವರು ಹೇರಂಬಯ್ಯನಾಗಿ ಉಳಿಯುವಂತಿಲ್ಲ. ಇದು ನಮಗೆಲ್ಲ ಗೊತ್ತಿತ್ತು.

ಈ ವರ್ಷದ ಸರದಿ ನಮ್ಮದು. ಬೆಳಿಗ್ಗೆ ಹೊಸನಗರದ ಎದುರು, ಗೆಲ್ಲುವುದೊಂದೇ ಬಾಕಿ ಎನ್ನುವಂಥ ಆಟದಲ್ಲಿ, ಹೇರಂಬಯ್ಯನವರ ಕೈ ತಮ್ಮದೇ ಬಿಲ್ಲುಗಾರರ ಸಾಲನ್ನು ಸವರಿಕೊಂಡು ಹೋಯಿತು. ಅವರೇ ಒಬ್ಬೊಬ್ಬನನ್ನಾಗಿ ಎತ್ತಿ ಕೋಟಿನ ಎಡಜೇಬಿಗೆ ಹಾಕಿಕೊಂಡರು. ಆ ಮೇಜು ಸೋತಿತು. ನನ್ನ ಮೇಜು ವಾಡಿಕೆಯಂತೆ ಸೋತೇ ಇತ್ತು. ಹಾಗಾಗಿ ತಂಡವೂ ಸೋತಿತು.

ಊಟಕ್ಕೆ ಕೂತಾಗ ಭೂತಪ್ಪನೇ ಮಾತು ತೆಗೆದ. "ಹೇರಂಬಯ್ಯ, ಆ ಕಾನೂನು ಸಾಕು ಬಿಡಿ ಮಾರಾಯ್ರೆ. ಬಿದ್ದೋರನ್ನ ಎತ್ತಿ ನಿಲ್ಸಿ, ನಮ್ದು ಯಾರದ್ದೂ ತಕರಾರಿಲ್ಲ."

"ನೀನು ನಿಲ್ಸಿದ್ರೆ ಹೊಳೆ ದಾಟ್ತದಲ್ಲೋ."

ಎಲ್ಲರೂ ನಕ್ಕರು. ನಮ್ಮ ತಂಡದ ಮೂರನೆಯವಳು, ಬ್ಯಾಂಕಿನ ಸುಪ್ರಿಯಾ, ನಗಲಿಲ್ಲ. "ಹಂಗಾದ್ರೆ ನೀವು ಬಾಯಲ್ಲಿ ಹೇಳಿ ಅಂಕಲ್, ನಾನು ಸರಿಸ್ತೀನಿ."

"ನೀನು ಸರಿಸಿದ್ರೆ ಅದು ನಿನ್ನ ಆಟ ಆಗ್ತದೆ ಮಗಾ." ಹೇರಂಬಯ್ಯನವರು ಮಜ್ಜಿಗೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು. "ಊರವರ ಗದ್ದೇಲೆಲ್ಲ ಕಲ್ಲು ನೆಟ್ಟು ಬಂದೆ. ನನ್ನ ಗದ್ದೇಲಿ ಬಂದಾಗ ಮಾತ್ರ ಕಿತ್ತಿಡೋದಾ?"

ಮಧ್ಯಾಹ್ನ ತೀರ್ಥಹಳ್ಳಿ. ಅತಿಥಿಗಳು ಮೊದಲು ಕೂತರು. ಮೊದಲ ಮೇಜಿನಲ್ಲಿ ಚೈತ್ರಾ. ಮೂರೂ ತಾಲ್ಲೂಕಿನಲ್ಲಿ ಅವಳನ್ನು ಗೆದ್ದವರಿಲ್ಲ. ಮೂರನೆಯದರಲ್ಲಿ ಕನ್ನಪ್ಪ, ಆಟದಲ್ಲಿ ನನಗೆ ಸಮೀಪದ ಬಂಧು. ನಾನು ಗಾಣದ ಎತ್ತಿನಂತೆ ಚೈತ್ರಾಳ ಎದುರಿನ ಕುರ್ಚಿಯತ್ತ ಹೊರಟೆ. ಕುರ್ಚಿಯ ಬೆನ್ನಿನ ಮೇಲೆ ನಡುಗುವ ಕೈಯೊಂದು ಬಂದು ಕೂತಿತು.

"ನೀವು ಕನ್ನಪ್ಪನ ಹತ್ರ ಹೋಗಿ."

"ಇದು ನನ್ನ ಜಾಗ ಅಲ್ವಾ ಹೇರಂಬಯ್ಯ?"

"ಇವತ್ತು ನಂದು. ಅಳೆದು ನೋಡೇ ಹೇಳ್ತಿದೀನಿ."

ನಾನು ಹೋದೆ. ಆ ಮೇಜಿನಿಂದ ಆಗಾಗ ಮರ ಮೇಜಿಗೆ ತಾಗುವ ಸಣ್ಣ ಟಕ್ ಸದ್ದು, ಆಮೇಲೆ ಜೇಬಿನೊಳಗೆ ಗೊಂಬೆಗೆ ಗೊಂಬೆ ತಾಗುವ ಸದ್ದು ಕೇಳುತ್ತಿತ್ತು. ಒಮ್ಮೆ ತಿರುಗಿ ನೋಡಿದಾಗ ಚೈತ್ರಾಳ ದುಪಟ್ಟಾ ತಾಗಿ ಅವಳ ಸೇನಾಪತಿ ಮಗುಚಿದ್ದ.

"ಅಯ್ಯೋ, ಬಿದ್ದೋಯ್ತು ಸರ್. ನಂದೂ ಸತ್ತ ಲೆಕ್ಕ."

ಹೇರಂಬಯ್ಯನವರು ಅವಳ ಮುಖವನ್ನೇ ನೋಡಿದರು. "ಬೀಳೋದು ಬೇರೆ, ಬೇಕಂತ ಬೀಳಿಸೋದು ಬೇರೆ ಕಣಮ್ಮ. ಎತ್ತಿ ನಿಲ್ಸು."

ಅವಳು ತಲೆ ತಗ್ಗಿಸಿ ನಿಲ್ಲಿಸಿದಳು. ಬಳಿಕ ದಯೆಯಿಲ್ಲದೆ ಆಡಿದಳು. ಅವಳು ಅವರಿಗೆ ಸಲ್ಲಿಸಬಹುದಾಗಿದ್ದ ಗೌರವ ಅದೊಂದೇ.

ಸುಪ್ರಿಯಾ ಗೆದ್ದಳು. ನಾನೂ, ಜೀವಮಾನದಲ್ಲಿ ಮೊದಲ ಸಲ, ಕನ್ನಪ್ಪನ ಔದಾರ್ಯದಿಂದ ಗೆದ್ದೆ. ಎರಡು ಮೇಜು ನಮ್ಮದಾಯಿತು. ಯಾರೋ ಬೆನ್ನು ತಟ್ಟಿದರು. ಸೋತ ದಿನಗಳಲ್ಲಿ ಸರಾಗವಾಗಿ ಬರುತ್ತಿದ್ದ ತಮಾಷೆ ಅಂದು ನನ್ನ ಬಾಯಿಗೆ ಬರಲಿಲ್ಲ.

ಅತಿಥಿಗಳೆಲ್ಲ ಬಸ್ಸಿಗೆ ಹೊರಟ ಮೇಲೆ ಹೇರಂಬಯ್ಯನವರು ಜೇಬಿನಿಂದ ಸತ್ತವರನ್ನು ತೆಗೆದು, ಹತ್ತಿ ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸತೊಡಗಿದರು. ಮಲಗಿಸುವ ಕೆಲಸಕ್ಕೆ ನಡುಕ ಅಡ್ಡಿಯಲ್ಲ. ಮುಗಿದ ಮೇಲೆ ಟೇಪನ್ನು ನನ್ನ ಕೈಗಿತ್ತರು.

"ಮುಂದೆ ನಮ್ಮ ಸರದಿ ಬಂದಾಗ ನಿಮ್ಮ ಕುರ್ಚಿ ನಿಮಗೇ ವಾಪಸ್."

"ನೀವು?"

"ಲೆಕ್ಕ ಮುಗೀತಲ್ಲ" ಎಂದರು. ಹೆಜ್ಜೆಗೆ ಹೆಜ್ಜೆ ಸಮವಾಗಿ ಮೆಟ್ಟಿಲಿಳಿದರು.

ಊರಿಗೊಬ್ಬರಾದರೂ ಇಂಥವರಿರುತ್ತಾರೆ. ಉಳಿದವರು ಜಗಳವಾಡದೆ ಬದುಕಲೆಂದು ಎಂದೋ ಒಂದು ಕಲ್ಲು ನೆಡುತ್ತಾರೆ. ಕಾಲ ಕಳೆದು, ಆ ಕಲ್ಲು ತಮ್ಮ ಅಂಗಳದ ನಟ್ಟನಡುವೆಯೇ ಇರುವುದು ಅವರಿಗೆ ಗೊತ್ತಾಗುತ್ತದೆ. ಕೀಳಲು ಊರೆಲ್ಲ ಒಪ್ಪಿದರೂ ಅವರು ಒಪ್ಪುವುದಿಲ್ಲ. ಕಲ್ಲನ್ನು ಇದ್ದಲ್ಲೇ ಬಿಟ್ಟು ತಾವೇ ಸರಿದುಕೊಳ್ಳುತ್ತಾರೆ. ಹೋಗುವಾಗಲೂ ತಮ್ಮ ಸೋಲು ಯಾರ ಗೆಲುವಿಗೆ ಬಂದೀತೆಂದು ಒಮ್ಮೆ ಅಳೆದು ನೋಡಿರುತ್ತಾರೆ. ಗೆದ್ದವರು ಮನೆಗೆ ಬಂದು, ದೀಪವನ್ನೂ ಹಾಕದೆ, ಆ ಟೇಪನ್ನು ಬಿಚ್ಚುತ್ತ ಸುತ್ತುತ್ತ ಕೂತಿರಬೇಕಾಗುತ್ತದೆ.