ನೀರುನಾಯಿಗಳ ಸುದ್ದಿ

ಉಗಾರ ಬುದ್ರುಕದಲ್ಲಿ ಬಾಬಾಸಾಹೇಬರ ಕಬ್ಬಿನ ಹೊಲ ಕೃಷ್ಣೆಯ ತನಕ ಚಾಚಿದೆ. ಹೊಲಕ್ಕೂ ನೀರಿಗೂ ನಡುವೆ ಆಗ ಎತ್ತರದ ಮಣ್ಣಿನ ದಡವೊಂದಿತ್ತು. ಮೇಲೆ ಜಾಲಿಗಿಡಗಳು, ಕೆಳಗೆ ಆಳೆತ್ತರದ ಹುಲ್ಲು, ನಡುವಿನ ಬಿಲಗಳಲ್ಲಿ ನೀರುನಾಯಿಗಳು.

ಮದುವೆಯಾಗಿ ಬಂದ ಹೊಸತರಲ್ಲಿ ಅವರ ಹೆಂಡತಿ ಶಿವಗಂಗವ್ವ ಅಲ್ಲಿ ಬಟ್ಟೆ ಒಗೆಯುತ್ತಿದ್ದಾಗ ನೀರಿನಿಂದ ನಾಲ್ಕೈದು ಕಂದು ತಲೆಗಳು ಎದ್ದು, ಮೀಸೆ ಕುಣಿಸುತ್ತ, ಕುತ್ತಿಗೆ ಚಾಚಿ ಅವಳನ್ನೇ ನೋಡಿದ್ದವು. ಹೊಸ ಸೊಸೆ ಹೌಹಾರಿ ದಡ ಹತ್ತಿ ಓಡಿದ್ದಳು. ಕೈಬಿಟ್ಟ ಸೀರೆ ಹೊಳೆಯ ಪಾಲಾಗಿತ್ತು. ಅಂದು ಅತ್ತೆಯ ಕೈಯಲ್ಲಿ ಬೈಸಿಕೊಂಡರೂ ಮರುದಿನ ಅವಳು ಅದೇ ಜಾಗಕ್ಕೆ ಹೋದಳು.

ವರ್ಷಗಳು ಕಳೆದಂತೆ ಅವುಗಳಿಗೆ ಅವಳ ರೂಢಿಯಾಯಿತು. ಬೇರೆ ಯಾರ ಹೆಜ್ಜೆ ಸಪ್ಪಳ ಕೇಳಿದರೂ ಸಿಳ್ಳೆ ಹಾಕಿ ಮುಳುಗುವವು, ಅವಳು ಬಂದರೆ ಮಾತ್ರ ಮರಳಿನಲ್ಲಿ ಹೊರಳಾಡುವುದನ್ನು ನಿಲ್ಲಿಸುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಅದನ್ನೆಲ್ಲ ಹೇಳುವಳು. ಮೀನನ್ನು ಎರಡೂ ಕೈಯಲ್ಲಿ ರೊಟ್ಟಿಯಂತೆ ಹಿಡಿದು ತಿನ್ನುತ್ತವೆ ಎನ್ನುವಳು. ಮರಿಗಳಿಗೆ ಮೊದಮೊದಲು ಈಜು ಬರುವುದಿಲ್ಲ, ತಾಯಿ ಕುತ್ತಿಗೆ ಕಚ್ಚಿ ಎಳೆದು ನೀರಿಗಿಳಿಸುತ್ತದೆ ಎನ್ನುವಳು. ಬಾಬಾಸಾಹೇಬರು ಮಾತು ಕಡಿಮೆಯ ಮನುಷ್ಯ. ತಟ್ಟೆಯಿಂದ ತಲೆ ಎತ್ತದೆ "ಹೂಂ" ಎನ್ನುವರು. ಅದರಾಚೆ ಒಂದು ಮಾತಿಲ್ಲ.

ಎರಡು ಸಾವಿರದ ಹನ್ನೆರಡರ ಚಳಿಗಾಲ. ನಿಪ್ಪಾಣಿಗೆ ಕೊಟ್ಟಿದ್ದ ಮಗಳು ಸೀಮಾ ಬಸುರಿ. ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು, ಪ್ರಯಾಣವಂತೂ ಬೇಡವೇ ಬೇಡ ಎಂದಿದ್ದರಿಂದ ತಾಯಿಯೇ ಅಲ್ಲಿಗೆ ಹೊರಟಳು. ಹೊರಡುವ ಮುಂಜಾನೆ ಹೊಳೆಗೆ ಹೋಗಿ ಬಂದು ಗಂಡನಿಗೆ ಹೇಳಿದಳು:

"ಒಂದು ಹೊಟ್ಟೀಲೆ ಐತ್ರಿ, ಇನ್ನೇನ ಹಾಕತೈತಿ. ಆಗಾಗ ಹೋಗಿ ನೋಡ್ರಿ. ಅತ್ತಾಗ ಕಬ್ಬ ಕಡಿಯೂ ಗ್ಯಾಂಗಿನವ್ರನ್ನ ಬಿಡಬ್ಯಾಡ್ರಿ, ನಾಯಿ ತರ್ತಾರ ಅವರು."

"ನೋಡ್ತೀನಿ ತಗೋ," ಎಂದರು ಬಾಬಾಸಾಹೇಬರು.

ನಿಪ್ಪಾಣಿ ಮುಟ್ಟಿದ ಕೆಲವೇ ದಿನಕ್ಕೆ ಅವರೇ ಫೋನು ಮಾಡಿದರು. ಮಗಳ ಆರೋಗ್ಯ ಕೇಳಿದ ಮೇಲೆ ಫೋನು ಇಡಲಿಲ್ಲ.

"ನಿನ್ನ ನೀರನಾಯಿ ಮರಿ ಹಾಕೇತಿ ನೋಡ."

"ಖರೇನ? ಎಷ್ಟದಾವ್ರಿ?"

"ಮೂರ ಕಂಡ್ವು. ತಾಯಿ ಕುತಗಿ ಹಿಡದ ನೀರಿಗಿ ಎಳಿಯಾಕತ್ತಿತ್ತು. ಒಂದಂತೂ ಒಲ್ಲೆ ಅಂದ್ರ ಒಲ್ಲೆ ಅಂತೈತಿ. ಒದರಿ ಒದರಿ ಹೊಳಿ ಎಲ್ಲಾ ಒಂದ ಮಾಡ್ತು."

ಶಿವಗಂಗವ್ವ ನಕ್ಕಳು. ಮದುವೆಯಾದಾಗಿನಿಂದ ಗಂಡ ಇಷ್ಟು ಉದ್ದಕ್ಕೆ ತನ್ನೊಡನೆ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ಆಮೇಲೆ ಸಂಜೆಯಾದರೆ ಫೋನಿಗೆ ಕಾಯತೊಡಗಿದಳು. ಸಣ್ಣ ಮರಿ ಕೊನೆಗೂ ನೀರಿಗಿಳಿದದ್ದು, ಬೆನ್ನ ಮೇಲೆ ತೇಲಿ ಬಿಸಿಲು ಕಾಯಿಸಿಕೊಂಡದ್ದು, ದೊಡ್ಡ ಗಂಡು ಮೀನು ತಂದಾಗ ಮೂರೂ ಮುಗಿಬಿದ್ದದ್ದು, ಎಲ್ಲ ಸುದ್ದಿಯೂ ಬರುತ್ತಿತ್ತು. ಅದನ್ನು ಅವಳು ಮಗಳಿಗೂ ಬೀಗಿತಿಗೂ ಹೇಳಿ ನಗಿಸುವಳು. "ನಿಮ್ಮಪ್ಪಗ ಮುದಕ ಆದಮ್ಯಾಲ ಬಾಯಿ ಬಂತ ನೋಡವಾ," ಎಂದು ಸೀಮಾಳಿಗೆ ಹೇಳುವಾಗ ಅವಳ ಮುಖ ಕೆಂಪೇರುತ್ತಿತ್ತು. ಸೀಮಾ ಮಾತ್ರ ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಬಸುರಿಯ ಸಂಕಟ ಅಂದುಕೊಂಡಳು ತಾಯಿ.

ಒಮ್ಮೆ ಫೋನಿನಲ್ಲಿ ಹಿಂದಿನಿಂದ ಗುರ್ ಗುರ್ ಸದ್ದು ಬಂತು.

"ಅದೇನ್ರಿ ಸಪ್ಪಳ?"

"ಬಾಜೂ ಹೊಲದಾಗ ಟ್ರ್ಯಾಕ್ಟರ್," ಎಂದರು ಅವರು.

ಸೀಮಾಳಿಗೆ ಗಂಡು ಮಗುವಾಯಿತು. ಕೂಸು, ಬಾಣಂತಿ ಇಬ್ಬರೂ ಸುಧಾರಿಸಿದ ಮೇಲೆ ಶಿವಗಂಗವ್ವ ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಊರಿಗೆ ಬಂದಳು. ಸ್ಟ್ಯಾಂಡಿಗೆ ಮಗ ಅಮಿತ ಬೈಕು ತಂದಿದ್ದ.

"ಮೊದ್ಲ ಹೊಳಿಗಿ ಹೊಡಿ. ಬಿಸಲಿಗಿ ಬಂದಿರ್ತಾವ ಮರಿ."

"ಮನಿಗಿ ಹೋಗೂಣಲಾ ಅವ್ವಾ. ಚಾ ಕುಡದ ಹೋಗೀಯಂತ."

"ಚಾ ಎಲ್ಲಿ ಓಡಿ ಹೊಕ್ಕೈತಿ? ನಡಿ."

ಅಮಿತ ಗಾಡಿಯನ್ನು ಹೊಳೆಯ ಕಡೆ ಹೊರಳಿಸಿದ.

ಹೊಲದ ಕೊನೆಗೆ ದಡವೇ ಇರಲಿಲ್ಲ. ಜಾಲಿಗಿಡ ನಿಂತಿದ್ದಲ್ಲಿ ಮನೆ ಮುಳುಗುವಷ್ಟು ಆಳದ ಗುಂಡಿ. ಅದರ ಗೋಡೆಗಳ ಮೇಲೆ ಜೆಸಿಬಿಯ ಹಲ್ಲಿನ ಗೀರುಗಳು. ಹೊಳೆಯ ನೀರು ಒಳಗೆ ಜಿನುಗಿ ಕೆಂಪಗೆ ನಿಂತಿತ್ತು. ಶಿವಗಂಗವ್ವ ಬೈಕಿನಿಂದ ಇಳಿದು, ಎಲ್ಲೋ ಬೇರೆಯವರ ಹೊಲಕ್ಕೆ ಬಂದೆವೇನೋ ಎಂಬಂತೆ ಹಿಂದೆ ಮುಂದೆ ನೋಡಿದಳು. ಬಾವಿ ತಮ್ಮದೇ. ಪಂಪಿನ ಮನೆಯೂ ತಮ್ಮದೇ.

"ಯಾವಾಗ?" ಎಂದಳು.

"ನೀ ಹೋದ ವಾರಕ್ಕ," ಎಂದ ಅಮಿತ ನೆಲ ನೋಡುತ್ತ. "ಇಟ್ಟಂಗಿ ಭಟ್ಟಿಯವ್ರಿಗಿ ಮಣ್ಣ ಕೊಟ್ಟ ಇಟ್ಟಂಗಿ ತಗೊಂಡಾನ ಅಪ್ಪ. ನಾ ಹೇಳ್ತೀನಿ, ನೀವ್ಯಾರೂ ಹೇಳಬ್ಯಾಡ್ರಿ ಅಂದಿದ್ದ."

"ನೀವ್ಯಾರೂ ಅಂದ್ರ? ಸೀಮಾಗೂ ಗೊತ್ತೈತಿ?"

ಅಮಿತ ಹೌದೆಂದು ತಲೆ ಆಡಿಸಿ ಬೈಕು ಚಾಲೂ ಮಾಡಿದ.

ಮನೆಯ ಅಂಗಳದಲ್ಲಿ ಹೊಸ ಇಟ್ಟಿಗೆ ಎದೆಮಟ್ಟ ಒಟ್ಟಿತ್ತು. ಬಾಬಾಸಾಹೇಬರು ಕಟ್ಟೆಯಿಂದ ಎದ್ದು ನಿಂತರು. ಅವಳು ಚೀಲ ಕೂಡ ಕೆಳಗಿಡದೆ ಕೇಳಿದಳು:

"ಮರಿ ಎಷ್ಟಿದ್ವು?"

"ಒಳಗ ಬಾ, ಕೂಡು."

"ಮರಿ ಎಷ್ಟಿದ್ವು ಅಂತ ಕೇಳಾಕತ್ತೀನ್ರಿ."

"ನಾ ಎಲ್ಲಿ ನೋಡೀನಿ," ಎಂದರು ಅವರು. ಇಟ್ಟಿಗೆಯ ಕಡೆ ಕೈ ಮಾಡಿ, "ಅಡಗಿಮನಿ ಇಕ್ಕಟ್ಟ ಆಗೇತಿ ಅಂತಿದ್ದಿಲ್ಲ ನೀ? ಅಮಿತಗ ಹೆಣ್ಣ ನೋಡೂದೈತಿ, ಮ್ಯಾಲೊಂದ ಖೋಲಿ ಬೇಕ. ಮೊದ್ಲ ಹೇಳಿದ್ರ ನೀ ಬಿಡ್ತಿದ್ದೇನ?"

"ಬಿಡತಿದ್ದಿಲ್ಲ. ಜಗಳಾ ಮಾಡ್ತಿದ್ನಿ. ನನ್ನ ಕೂಡ ಜಗಳಾ ಮಾಡಿ ಮಣ್ಣ ತೆಗಸಬೇಕಿತ್ತ ನೀವು. ಫೋನಿನ್ಯಾಗ ದಿನಾ ಆ ಸುದ್ದಿ ಯಾಕ ಹೇಳಿದ್ರಿ?"

"ನೀ ಖುಷಿ ಇರ್ಲಿ ಅಂತ."

ಅವಳು ಚೀಲ ಕೆಳಗಿಟ್ಟಳು. ಇವರು ಫೋನಿನಲ್ಲಿ ಹೇಳಿದ್ದರಲ್ಲಿ ಒಂದೂ ಹೊಸತಿರಲಿಲ್ಲ ಎಂಬುದು ಆಗ ಹೊಳೆಯಿತು. ಕುತ್ತಿಗೆ ಕಚ್ಚಿ ಎಳೆಯುವ ತಾಯಿ, ನೀರಿಗೆ ಹೆದರುವ ಮರಿ, ಎಲ್ಲ ಅವಳೇ ಊಟದ ಹೊತ್ತಿನಲ್ಲಿ ಇಷ್ಟು ವರ್ಷ ಹೇಳಿದ್ದು. ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದುಕೊಂಡಿದ್ದಳು. ಈತ ಒಂದನ್ನೂ ಬಿಡದೆ ಕೇಳಿಸಿಕೊಂಡಿದ್ದ. ಕೇಳಿಸಿಕೊಂಡಿರಲಿಲ್ಲ ಎಂದಾಗಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಮುಂಜಾನೆ ಅವಳು ಹೊಳೆಯ ಮೇಲೆ ಬಲೆ ಹಾಕುವ ಹೊಳೆವ್ವನನ್ನು ಹುಡುಕಿಕೊಂಡು ಹೋದಳು. ನೀರುನಾಯಿ ಬಲೆ ಹರಿದವೆಂದು ಹೊಳೆವ್ವ ಎಷ್ಟೋ ಸಲ ಬಂದು ಜಗಳಾಡಿದ್ದುಂಟು. ಬಯ್ಯುತ್ತಲೇ ಇಬ್ಬರೂ ಗೆಳತಿಯರಾಗಿದ್ದರು.

"ನೀನರ ಒಂದು ಮಾತ ತಿಳಿಸಬಾರದಿತ್ತೇನ ಹೊಳೆವ್ವಾ?"

ಹೊಳೆವ್ವ ಕೈಯಲ್ಲಿದ್ದ ಬಲೆ ಬಿಟ್ಟು ಬೆರಗಾಗಿ ನೋಡಿದಳು. "ನಿಮಗ ಗೊತ್ತಿರಲಿಲ್ಲೇನ್ರಿ ವೈನಿ? ಮಶೀನ ಬಂದ ದಿನ ನಾ ಅಡ್ಡ ನಿಂತ್ನಿ. ಬ್ಯಾಡ್ರಿ ಸಾವಕಾರ್ರ, ವೈನಿ ಬರ್ಲಿ ಅಂದ್ನಿ. ಆಕಿನ್ನ ಕೇಳೇ ತೆಗಸಾಕತ್ತೀನಿ, ಆಕೀನ ಹೂಂ ಅಂದಾಳ ಅಂದ್ರು."

ಶಿವಗಂಗವ್ವ ದಂಡೆಗೆ ಕಟ್ಟಿದ್ದ ಹೊಳೆವ್ವನ ದೋಣಿಯ ಅಂಚಿನ ಮೇಲೆ ಕೂತಳು.

"ಮರಿ?"

"ಬಿಲದಾಗ ಇದ್ವುರಿ. ಮ್ಯಾಲಿನ ಮಣ್ಣ ಕುಸೀತು." ಹೊಳೆವ್ವ ದನಿ ತಗ್ಗಿಸಿದಳು. "ದೊಡ್ಡು ಹೊರಗಿದ್ದು ಉಳದ್ವು. ಮಶೀನ ನಿಂತ ಕೂಡ್ಲೆ ಬಂದು ಕೈಲೆ ಮಣ್ಣ ಕೆದರೂವು. ನಾಕೈದು ದಿನ ಅಲ್ಲೇ ಒದರಿದ್ವು. ಆಮ್ಯಾಲ ಕಾಣಲಿಲ್ಲ."

ಊರ ತುಂಬ ತಾನೇ ಹೂಂ ಅಂದವಳಾಗಿದ್ದಳು. ಇನ್ನು ಯಾರ ಮನೆಗೆ ಹೋಗಿ, ನಾನು ಅನ್ನಲಿಲ್ಲ ಎಂದು ಹೇಳುವುದು? ಶಿವಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಎತ್ತಾಗ ಹೋಗ್ಯಾವ? ನಡಿ, ನೋಡಿ ಬರೂಣು," ಎಂದಳು.

ದೋಣಿ ಹರಿವಿನ ಜೊತೆ ಕೆಳಗೆ ಹೋಯಿತು. ಎರಡೂ ಕಡೆ ಬೋಳು ದಂಡೆ, ಕಬ್ಬು, ಪಂಪು, ಭಟ್ಟಿಯ ಹೊಗೆ. ಬಿಸಿಲು ಏರಿದ ಮೇಲೆ ಒಂದು ತಿರುವಿನಲ್ಲಿ ಯಾರೂ ಉಳುಮೆ ಮಾಡದ ಪುಟ್ಟ ನಡುಗಡ್ಡೆ ಸಿಕ್ಕಿತು. ಅಲ್ಲಿ ಹಸಿ ಮರಳಿನ ಮೇಲೆ ಮೀನಿನ ಹುರುಪೆ, ಬೆರಳುಗಳ ನಡುವೆ ಪೊರೆಯಿರುವ ನೀರುನಾಯಿ ಹೆಜ್ಜೆಗಳು. ಹೊಳೆವ್ವ ಹುಟ್ಟು ನಿಲ್ಲಿಸಿದಳು.

ಹುಲ್ಲಿನಾಚೆ ಎರಡು ತಲೆ ಎದ್ದವು. ಒಂದರ ಮೂಗಿನ ಮೇಲಿನ ಹಳೆಯ ಗಾಯದ ಗುರುತು ಶಿವಗಂಗವ್ವನಿಗೆ ಚೆನ್ನಾಗಿ ಗೊತ್ತು. ಅವಳು ಉಸಿರು ಹಿಡಿದು ಕೈ ಎತ್ತಿದಳು. ಆ ಹೆಣ್ಣು ಅವಳನ್ನು ನೋಡಿತು, ಚೂಪಾಗಿ ಸಿಳ್ಳೆ ಹಾಕಿತು. ಎರಡೂ ಮುಳುಗಿದವು. ಬಹಳ ಹೊತ್ತು ಕಾದರೂ ಮತ್ತೆ ಮೇಲೆ ಬರಲಿಲ್ಲ.

"ನನ್ನ ಗುರುತ ಹಿಡದ್ವು," ಎಂದಳು ಶಿವಗಂಗವ್ವ. "ಹಿಡದ ಓಡಿದ್ವು." ಆಮೇಲೆ ದೋಣಿಯಲ್ಲೇ ಬಾಗಿ ಬಿಕ್ಕಿ ಬಿಕ್ಕಿ ಅತ್ತಳು. ಹೊಳೆವ್ವ ಹುಟ್ಟು ಹಾಕುತ್ತ ವಾಪಸು ಕರೆತಂದಳು.

ಬಾಬಾಸಾಹೇಬರು ಉಣ್ಣದೆ ಕಾಯುತ್ತಿದ್ದರು. ಅವಳು ರೊಟ್ಟಿ, ಪಲ್ಯ ಬಡಿಸಿದಳು. ಅವರು ಮೊದಲ ಸಲ ತಟ್ಟೆಯಿಂದ ತಲೆ ಎತ್ತಿ ಕೇಳಿದರು:

"ಕಂಡ್ವೇನ?"

ಆ ದನಿಯಲ್ಲಿ ನಿಜವಾದ ಆಸೆಯಿತ್ತು. ಕಂಡವು ಎಂದರೆ ಅವರ ಎದೆಯ ಭಾರ ಅರ್ಧ ಇಳಿಯುತ್ತದೆ ಎಂದು ಅವಳಿಗೆ ಗೊತ್ತಾಯಿತು. ಎಲ್ಲಿ ಎಂದು ಕೇಳುತ್ತಾರೆ, ನಾಳೆ ಕಟ್ಟೆಯ ಮೇಲೆ ನಾಲ್ಕು ಜನರಿಗೆ ಹೇಳುತ್ತಾರೆ, ಆ ನಡುಗಡ್ಡೆಗೂ ಜನ ಹೋಗುತ್ತಾರೆ.

"ಇಲ್ಲ," ಎಂದಳು. "ಏನೂ ಕಾಣಲಿಲ್ಲ."

ಎಂದವಳೇ ನೀರಿನ ತಂಬಿಗೆಯನ್ನು ಅವರ ಬಲಗಡೆಗೆ ಸರಿಸಿಟ್ಟು ಒಳಗೆ ಹೋದಳು.