ಅಕ್ಕ ನಡೆದ ದಾರಿ, ಮಗಳ ಸೀಟು

ಸೈಕಲ್ ರಿಪೇರಿ ಅಂಗಡಿಯವನನ್ನು ಊರೆಲ್ಲ ಪಂಕ್ಚರಣ್ಣ ಎಂದೇ ಕರೆಯುತ್ತಿತ್ತು. ಅವನ ಮಗಳು ಏಳನೇ ತರಗತಿ ಮುಗಿಸಿದ್ದಳು. ಎಂಟಕ್ಕೆ ಸೇರಬೇಕೆಂದರೆ ಹೈಸ್ಕೂಲು ಐದು ಕಿಲೋಮೀಟರ್ ದೂರ. ಇಷ್ಟು ದೂರದ ಮಕ್ಕಳಿಗೆಂದೇ ಸರ್ಕಾರದ ಖರ್ಚಿನಲ್ಲಿ ಶಾಲಾ ಬಸ್ಸು ಓಡುತ್ತಿತ್ತು. ಅದರಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವನ ಸ್ವಂತ ಅಕ್ಕನದು.

ಒಂದು ಸಂಜೆ ಅಕ್ಕ ಅಂಗಡಿಗೆ ಬಂದಳು. ಅವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಏಳುವ ಜಾಗ ಹುಡುಕುತ್ತಿದ್ದ.

“ಬಸ್ಸಿನ ಅರ್ಜಿ ನಿನ್ನ ಕೈಗೆ ಕೊಟ್ಟು ಹದಿನೈದು ದಿನ ಆಯ್ತಲ್ಲೋ. ತುಂಬಿ ಕೊಟ್ಯಾ?”

“ಅಲ್ಲೇ ಮೊಳೆಗೆ ಸಿಕ್ಕಿಸಿದೀನಿ ಅಕ್ಕ. ಅವಸರ ಏನು? ನಮ್ಮನೆ ದೂರ ಇದೆ. ಅವಳಿಗೆ ಸೀಟು ಇದ್ದೇ ಇದೆ.”

“ಅರ್ಹತೆ ಬೇರೆ, ಸೀಟು ಬೇರೆ ಕಣೋ. ಬಸ್ಸಲ್ಲಿರೋದೇ ನಲವತ್ತು ಸೀಟು. ಅರ್ಜಿ ಕೊಡೋ ಕಡೇ ದಿನ ನಿನ್ನೆಗೇ ಮುಗೀತು.”

ಅವನಿಗೆ ಪಿಚ್ಚೆನಿಸಿತು. ಆದರೂ ಬಿಟ್ಟುಕೊಡಲಿಲ್ಲ. “ಹೋಗ್ಲಿ ಬಿಡು. ನಾವು ನಡ್ಕೊಂಡೇ ಓದ್ಲಿಲ್ವಾ? ಕಾಲೇನು ಸವೆದು ಹೋಯ್ತಾ?”

ಹಾಗೆನ್ನುತ್ತಲೇ ಅವನ ಮುಖ ಅರಳಿತು. ಆ ದಾರಿಯೆಂದರೆ ಅವನಿಗೆ ಪ್ರಾಣ. ಇಟ್ಟಿಗೆ ಗೂಡಿನ ಪಕ್ಕ ಹಾದರೆ ಚಳಿಗಾಲದಲ್ಲೂ ಬೆಚ್ಚಗೆ ಮೈಗೆ ತಾಗುತ್ತಿದ್ದ ಗಾಳಿ. ಕಾಲುವೆ ಏರಿಯ ಮೇಲೆ ಒಬ್ಬರ ಹಿಂದೊಬ್ಬರ ಓಟ. ಅಕ್ಕ ಅವನ ಚೀಲವನ್ನೂ ತನ್ನ ಹೆಗಲಿಗೇರಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದಳು. ತಪ್ಪಿದರೆ ಕಿವಿ ಹಿಂಡುತ್ತಿದ್ದಳು. ಸರಿ ಹೇಳಿದರೆ ತನ್ನ ಸೀಬೆಕಾಯಿಯನ್ನೇ ಅರ್ಧ ಕಚ್ಚಿ ಕೊಡುತ್ತಿದ್ದಳು.

“ಎಂಥಾ ದಿನ ಅಲ್ವೇನಕ್ಕ?”

ಅಕ್ಕನೂ ನಕ್ಕಳು. “ಹೌದೋ. ಹದಿಮೂರೇಳ್ಲ ಎಷ್ಟು ಅಂದ್ರೆ ಯಾವತ್ತೂ ತೊಂಬತ್ತೇಳು ಅಂತಿದ್ದೆ ನೀನು.” ಆಮೇಲೆ ಕೇಳಿದಳು, “ನಿಂಗೆ ಕಾಮಾಲೆ ಆಗಿ ಮಲಗಿದ್ದೆಯಲ್ಲ, ಆ ವರ್ಷ ನೆನಪಿದ್ಯಾ?”

“ಅದೇ ವರ್ಷ ಅಲ್ವಾ, ಓದು ಬೇಜಾರು ಅಂತ ನೀನು ಶಾಲೆ ಬಿಟ್ಟಿದ್ದು?”

“ಬೇಜಾರೂ ಇಲ್ಲ, ಏನೂ ಇಲ್ಲ. ಜೊತೆಗೆ ನೀನಿರ್ಲಿಲ್ಲ. ಒಬ್ಬಳೇ ಹುಡುಗಿ ಅಷ್ಟು ದೂರ ಬೇಡ ಅಂದ್ರು ಅಪ್ಪ. ಎರಡು ತಿಂಗಳಿಗೆ ನೀನು ಎದ್ದು ಓಡಾಡಿದೆ. ಅಷ್ಟರಲ್ಲಿ ಶಾಲೇಲಿ ನನ್ನ ಹೆಸರು ಹೊಡೆದು ಹಾಕಿದ್ರು. ನಿನಗೆ ನೋವಾಗ್ಬಾರ್ದು ಅಂತ ಬೇಜಾರು ಅಂದೆ, ಅಷ್ಟೇ.”

ಅವನು ಟ್ಯೂಬನ್ನು ಬೋಗುಣಿಯಲ್ಲೇ ಬಿಟ್ಟು, ಮೊಳೆಯಿಂದ ಅರ್ಜಿ ಕಿತ್ತುಕೊಂಡ. ಮೂವತ್ತು ವರ್ಷ ಅಕ್ಕ ಈ ಮಾತನ್ನು ನುಂಗಿಕೊಂಡಿದ್ದಳು.

ಮರುದಿನ ಅಂಗಡಿ ಬಾಗಿಲು ತೆಗೆಯದೆ ನೇರ ಶಾಲೆಗೆ ಹೋದ. ಕಚೇರಿಯ ಗುಮಾಸ್ತೆ ಅರ್ಜಿ ನೋಡಿ ಹೇಳಿದರು: “ನಿಮ್ಮ ಮಗಳು ಅರ್ಹಳೇ. ನಮ್ಮಲ್ಲಿ ಮೂರು ಕಿಲೋಮೀಟರಿಗಿಂತ ದೂರದ ಮಕ್ಕಳಿಗೆ ಮೊದಲು ಸೀಟು. ಆದ್ರೆ ಹೇಳಿದ ದಿನದೊಳಗೆ ಅರ್ಜಿ ಕೊಟ್ಟಿರಬೇಕು. ತಡವಾದ್ರೆ ಕಾಯೋ ಪಟ್ಟಿ. ನಿಮ್ಮದು ಎರಡನೇ ಹೆಸರು. ಯಾರಾದ್ರೂ ಬಿಟ್ರೆ ಹೇಳ್ತೀವಿ. ಮುಂದಿನ ವರ್ಷ ಮತ್ತೆ ಹೊಸ ಅರ್ಜಿ ಕೊಡ್ಬೇಕು, ಮರೀಬೇಡಿ.”

ಮೂರು ವಾರ ಅವನೇ ಮಗಳ ಜೊತೆ ನಡೆದ. ಕಾಲುವೆ ಏರಿ ಈಗ ಲಾರಿ ರಸ್ತೆಯಾಗಿತ್ತು; ಮಗಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಮಗಳು ಧೂಳಿಗೆ ಕೆಮ್ಮುತ್ತ ತರಗತಿ ಸೇರುತ್ತಿದ್ದಳು. ಸಂಜೆ ಪುಸ್ತಕದ ಮೇಲೇ ತೂಕಡಿಸುತ್ತಿದ್ದಳು. ನಾಲ್ಕನೇ ವಾರ ಒಂದು ಮನೆಯ ಇಬ್ಬರು ಮಕ್ಕಳು ಬೇರೆ ಶಾಲೆಗೆ ಸೇರಿದ್ದರಿಂದ ಸೀಟು ಸಿಕ್ಕಿತು.

ಬಸ್ಸಿನ ಬಾಗಿಲಲ್ಲಿ ಮಗಳು ಕೇಳಿದಳು, “ಅತ್ತೆ, ಕಿಟಕಿ ಪಕ್ಕ ಕೂರ್ಲಾ?”

“ಬಸ್ಸಲ್ಲಿ ಅತ್ತೆ ಅಲ್ಲ, ಮೇಡಂ ಅನ್ನು. ಕೂತ್ಕೋ ಹೋಗು.”

ಬಸ್ಸು ಮರೆಯಾಗುವವರೆಗೂ ನೋಡಿ, ಪಂಕ್ಚರಣ್ಣ ಅಂಗಡಿ ತೆರೆದ. ಹಾಲಿನವನು ಕಾದು ನಿಂತಿದ್ದ.

“ಬೇಗ ಗಾಳಿ ಹಾಕಣ್ಣ.”

“ಹಾಕ್ತೀನಿ ಇರೋ. ನಿನ್ನ ಮಗಳು ಬರೋ ವರ್ಷ ಹೈಸ್ಕೂಲಲ್ವಾ? ಬಸ್ಸಿನ ಅರ್ಜಿ ಯಾವಾಗ ಕೊಡ್ತಾರೆ, ಕೇಳಿದ್ಯಾ?”

ಅಪ್ಪ ಅಮ್ಮಂದಿರೇ, ನೀವು ಕೇಳಿದ್ದೀರಾ? ಎಷ್ಟು ದೂರದ ಮಕ್ಕಳಿಗೆ ಬಸ್ಸು, ಸೀಟು ಎಷ್ಟು, ಕಡೇ ದಿನ ಯಾವುದು ಎಂದು ನಿಮ್ಮ ಶಾಲೆಯಲ್ಲಿ ಇವತ್ತೇ ವಿಚಾರಿಸಿ. ಅರ್ಹತೆ ಇದ್ದ ಮಾತ್ರಕ್ಕೆ ಸೀಟು ಮನೆ ಬಾಗಿಲಿಗೆ ಬರುವುದಿಲ್ಲ. ಹೋಗಿ, ಹೆಸರು ಬರೆಸಿ ಬನ್ನಿ.